ಸುಗ್ಗಿ, ವಸಂತ ಮತ್ತು ರಜೆ: ಕನ್ನಡ ಗದ್ಯದಲ್ಲಿ ಒಕ್ಕಲುಮನೆಯ ಚೈತ್ರ

ಕನ್ನಡ ಕಾವ್ಯದಲ್ಲಿ ವಸಂತಕ್ಕೆ ದೊರೆತಷ್ಟು ಮನ್ನಣೆ ಬೇರಾವ ಋತುವಿಗೂ ದೊರೆತಂತೆ ತೋರದು. ಚಂಪೂಕವಿಗಳು ಅಷ್ಟಾದಶವರ್ಣನೆಯ ಕಟ್ಟಳೆಗೆ ಒಳಪಟ್ಟು ಬರೆದಾಗಲೂ, ಪಂಪನು ಬನವಾಸಿಯ ನೆನಪಿನಲ್ಲಿ ಆ ಕಟ್ಟಳೆಯನ್ನು ಮೀರಿ ಬರೆದಾಗಲೂ, ಮಾವು ಮಲ್ಲಿಗೆ ಕೋಗಿಲೆ ತೆಂಕಣಗಾಳಿಗಳು ಬಂದೇ ಬರುತ್ತವೆ. ಆದರೆ ಆ ಮಾವು ಯಾರ ಹಿತ್ತಿಲಿನದು, ಅದು ಸಸಿಯಾಗಿದ್ದಾಗ ಬುಡಕ್ಕೆ ನೀರು ಹೊತ್ತವರು ಯಾರು, ಕೋಗಿಲೆ ಕೂಗುತ್ತಿದ್ದ ಹೊತ್ತಿನಲ್ಲಿ ಒಕ್ಕಲುಮಗನು ಏನು ಮಾಡುತ್ತಿದ್ದನು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಉತ್ತರವಿರಬೇಕೆಂದು ಆಗ್ರಹಪಡಿಸುವುದೂ ನ್ಯಾಯವಲ್ಲ. ಅದು ಉಪವನದ ವಸಂತ. ಹೊಲಗದ್ದೆಗಳ ವಸಂತ ಬೇರೆ. ಸಣ್ಣ ಪೇಟೆಯೊಂದರ ಸಮೀಪದ ಒಕ್ಕಲುಮನೆಯಲ್ಲಿ ಚೈತ್ರ ವೈಶಾಖಗಳು ಹೇಗೆ ಕಳೆಯುತ್ತವೆ, ಅದನ್ನು ನಮ್ಮ ಆಧುನಿಕ ಗದ್ಯಲೇಖಕರು ಎಷ್ಟರಮಟ್ಟಿಗೆ ಕಂಡಿದ್ದಾರೆ, ಅವರು ಕಂಡುದನ್ನು ಹೊರನಾಡಿನಲ್ಲಿ ಕುಳಿತು ಓದುವ ನಾವು ಎಷ್ಟರಮಟ್ಟಿಗೆ ಕಂಡಿದ್ದೇವೆ ಎಂಬುದಿಷ್ಟೇ ಇಲ್ಲಿಯ ವಿಚಾರ.

ಮೊದಲು ಒಂದು ಶಬ್ದದ ಮಾತು. ‘ಸುಗ್ಗಿ’ ಎಂಬ ಅಚ್ಚಗನ್ನಡ ಪದಕ್ಕೆ ನಿಘಂಟುಕಾರರು ವಸಂತಕಾಲವೆಂದೂ ಪೈರು ಕೊಯ್ಯುವ ಕಾಲವೆಂದೂ ಎರಡು ಅರ್ಥಗಳನ್ನು ಕೊಡುತ್ತಾರೆ. ದಕ್ಷಿಣ ಕನ್ನಡದ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಸುಗ್ಗಿ ನಡುವಿನದು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಸುಗ್ಗಿ ಕುಣಿಯುವುದು ಹೋಳಿಯ ಸಮಯದಲ್ಲಿ. ಹೀಗೆ ಒಂದೇ ಪದದಲ್ಲಿ ಹೂವೂ ಕಾಳೂ ಒಟ್ಟಿಗೆ ಇದ್ದುವು. ಕಾವ್ಯ ಹೂವನ್ನು ಆರಿಸಿಕೊಂಡು ಅದಕ್ಕೆ ‘ವಸಂತ’ವೆಂಬ ಸಂಸ್ಕೃತದ ಹೆಸರನ್ನಿಟ್ಟಿತು, ಒಕ್ಕಲಿಗನು ಕಾಳನ್ನು ಆರಿಸಿಕೊಂಡು ಹಳೆಯ ಹೆಸರನ್ನೇ ಉಳಿಸಿಕೊಂಡನು. ಅವನ ಬಾಯಲ್ಲಿ ‘ವಸಂತ’ವೆಂಬ ಮಾತನ್ನು ಕೇಳಿದವರುಂಟೆ? ಅವನದು ಮಳೆಯ ಲೆಕ್ಕ. ಏಪ್ರಿಲ್ ನಡುವಿನಿಂದ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಜೂನ್ ಮೊದಲ ವಾರ ಕಳೆದರೆ ಮೃಗಶಿರ. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನಗಳನ್ನು ಮಳೆಯ ಹೆಸರಿನಿಂದ ಎಣಿಸುವವನ ಮನಸ್ಸು ಎಲ್ಲಿ ನೆಟ್ಟಿದೆ ಎಂಬುದು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ.

ಆ ದಿನಗಳ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಮುಂದೆ ಹೇಳುವ ಗ್ರಂಥಗಳ ಬೆಲೆ ಕಟ್ಟಲು ಅದೇ ಒರೆಗಲ್ಲು. ತೀರ್ಥಹಳ್ಳಿಯದೋ ಸಾಗರದ್ದೋ ಕಡೆಯ ಒಂದು ಅಡಿಕೆ ತೋಟದ ಮನೆಯನ್ನು ತೆಗೆದುಕೊಳ್ಳೋಣ. ಚೈತ್ರದ ಹೊತ್ತಿಗೆ ಅಡಿಕೆಯ ಕೊಯಿಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಮುಗಿದು ಚೀಲಗಳು ಮಂಡಿ ಸೇರಿರುತ್ತವೆ, ಇಲ್ಲವೆ ಧಾರಣೆಯ ಆಸೆಯಿಂದ ಅಟ್ಟದಲ್ಲಿ ಕಾದಿರುತ್ತವೆ. ಈಗ ಸೊಪ್ಪಿನ ಬೆಟ್ಟದಿಂದ ಸೊಪ್ಪು ಬರಬೇಕು, ಕೊಟ್ಟಿಗೆಗೆ ದರಗು ಗುಡಿಸಿ ತರಬೇಕು, ಗುಂಡಿಯ ಗೊಬ್ಬರ ಗದ್ದೆಗೆ ಹೋಗಬೇಕು. ಹೆಂಚು ಕೈಯಾಡಿಸಬೇಕು. ನಾಲ್ಕು ತಿಂಗಳ ಸೌದೆ ಸೀಳಿ ಒಳಗೆ ಸೇರಬೇಕು. ತೋಟದ ಬಸಿಗಾಲುವೆ ಬಿಡಿಸದಿದ್ದರೆ ಆಷಾಢದಲ್ಲಿ ಬುಡ ಕೊಳೆಯುತ್ತದೆ. ಮಳೆ ಹಿಡಿಯುವ ಮುನ್ನ ಕೊನೆಗಳಿಗೆ ಮೈಲುತುತ್ತ ಸುಣ್ಣದ ದ್ರಾವಣ ಬೀಳದಿದ್ದರೆ ಕೊಳೆರೋಗಕ್ಕೆ ವರ್ಷದ ಫಸಲೇ ತುತ್ತು. ಒಳಗೆ ಮಾವಿನಮಿಡಿಯನ್ನು ಉಪ್ಪಿಗೆ ಹಾಕುವುದು, ಹಲಸಿನ ಹಪ್ಪಳ, ಸಂಡಿಗೆ, ಹುಣಸೆಹಣ್ಣಿನ ಬೀಜ ತೆಗೆಯುವುದು, ಮೆಣಸಿನಕಾಯಿಗೆ ಬಿಸಿಲು ತೋರಿಸುವುದು. ಬಯಲುಸೀಮೆಗೆ ಬಂದರೆ ಕೆಲಸಗಳ ಹೆಸರು ಬದಲಾಗುತ್ತದೆ, ಅವಸರ ಬದಲಾಗುವುದಿಲ್ಲ. ಹಾಸನ ಮೈಸೂರುಗಳ ಕಡೆ ಯುಗಾದಿಯ ಪಂಚಾಂಗಶ್ರವಣದಲ್ಲಿ ಯಾರ ಹೆಸರಿಗೆ ಕೂಡಿಬರುತ್ತದೆಂದು ನೋಡಿ ಅವರಿಂದ ಹೊನ್ನಾರು ಹೂಡಿಸುತ್ತಾರೆ. ತಿಪ್ಪೆ ಹೊಲಕ್ಕೆ ಸಾಗುತ್ತದೆ. ಅಶ್ವಿನಿ ಭರಣಿಗಳಲ್ಲಿ ಒಂದು ಹದಮಳೆಯಾದರೆ ಎಳ್ಳು ಬೀಳುತ್ತದೆ. ಧಾರವಾಡದ ಎರೆಯಲ್ಲಿ ಕೂಳೆ ಆರಿಸಿ ಕುಂಟೆ ಹೊಡೆದು ನೆಲವನ್ನು ಮಳೆಗೆ ಬಾಯ್ದೆರೆದಂತೆ ಹರಗಿಡುತ್ತಾರೆ. ಇದರ ನಡುವೆ ಪೇಟೆಯ ಸಂತೆಗೆ ಹೋಗಿ ಹಗ್ಗ, ಉಪ್ಪು, ಬಿತ್ತನೆಯ ಬೀಜ ತರಬೇಕು, ಕುಳವನ್ನು ಹದಕ್ಕೆ ಕಾಯಿಸಿ ತಟ್ಟಿಸಬೇಕು, ಮಾರ್ಚ್ ಕೊನೆಗೆ ಸೊಸೈಟಿಯ ಲೆಕ್ಕ ತೀರಿಸಿ ಹೊಸ ಸಾಲದ ಅರ್ಜಿ ಕೊಡಬೇಕು. ಮದುವೆಗಳೂ ಇದೇ ತಿಂಗಳುಗಳಲ್ಲಿ. ಒಟ್ಟಿನಲ್ಲಿ ಒಕ್ಕಲುಮನೆಗೆ ವಸಂತವೆಂಬುದು ಮಳೆಗಾಲದ ಪೂರ್ವಾರ್ಧ. ಕೈಯಲ್ಲಿ ಹಣವಿರುವುದೂ ಆಗಲೇ, ಅದು ಕರಗುವುದೂ ಆಗಲೇ.

ಇನ್ನು ನಮ್ಮ ವಿಷಯ. ಮುಂಬಯಿ, ಪುಣೆ, ಮದರಾಸುಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಳ್ಳಿಯ ಮನೆಯುಳ್ಳವರು ಊರಿಗೆ ಹೋಗುವುದು ಸಾಮಾನ್ಯವಾಗಿ ಮಕ್ಕಳ ಶಾಲೆಗೆ ಬೇಸಗೆಯ ರಜೆ ಬಂದಾಗ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಳ್ಳುವ ಮುಂಚೆ ಬಸ್ಸಿನಲ್ಲಿ ಮೈ ಹಣ್ಣಾಗಿಸಿಕೊಂಡು ಹೋಗುತ್ತಿದ್ದವರೂ, ಈಗ ರೈಲಿನಲ್ಲಿ ಮಲಗಿಕೊಂಡು ಹೋಗುವವರೂ, ತಲಪುವುದು ಅದೇ ಏಪ್ರಿಲ್ ಮೇ ತಿಂಗಳುಗಳಲ್ಲಿ. ಮರಳುವುದು ಮೃಗಶಿರ ಹಿಡಿಯುವ ಹೊತ್ತಿಗೆ, ಅಂದರೆ ಬಿತ್ತನೆ ಆರಂಭವಾಗುವ ಹೊತ್ತಿಗೆ. ಆದುದರಿಂದ ನಮ್ಮ ಹಳ್ಳಿಗೆ ಮಳೆಗಾಲವಿಲ್ಲ. ಅದರಲ್ಲಿ ಮಾವಿನ ಹಣ್ಣು, ಹಲಸು, ಜಾತ್ರೆ, ಮದುವೆ, ಜಗಲಿಯ ಮೇಲಿನ ನಿದ್ದೆ ಇವೆ. ನಾವು ಕಂಡುದು ಪಂಪನ ವಸಂತಕ್ಕೆ ಎಷ್ಟೋ ಹತ್ತಿರವಾದುದು. ಒಕ್ಕಲಿಗನ ವಸಂತ ಅದರ ಹಿಂದೆಯೇ ನಡೆಯುತ್ತಿದ್ದರೂ ಅದು ನಮಗೆ ಹಿನ್ನೆಲೆಯ ಸದ್ದು ಮಾತ್ರ. ಯುಗಾದಿಯ ಸಮಾರಂಭಗಳಲ್ಲಿ ಬೇಂದ್ರೆಯವರ ಗೀತೆಯನ್ನು ಹಾಡಿ ಬೇವುಬೆಲ್ಲ ಹಂಚಿದಾಗ ಈ ರಜೆಯ ಹಳ್ಳಿಯೇ ಕಣ್ಣ ಮುಂದೆ ನಿಲ್ಲುತ್ತದೆ. ಅದು ತಪ್ಪೆಂದು ಯಾರೂ ಹೇಳಲಾರರು. ಆದರೆ ಆ ಕಣ್ಣಿನಿಂದಲೇ ನಾವು ಗ್ರಾಮೀಣ ಗದ್ಯವನ್ನು ಓದಿ, ‘ಮಣ್ಣಿನ ವಾಸನೆ’, ‘ಹಳ್ಳಿಯ ಸೊಗಡು’ ಎಂಬ ಎರಡು ಮಾತುಗಳಿಂದ ವಿಮರ್ಶೆಯನ್ನು ಮುಗಿಸುವುದು ಸಮರ್ಥನೀಯವಲ್ಲ.

ಈ ಕಣ್ಣಿಗೆ ಅತ್ಯಂತ ಪ್ರಿಯರಾದವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. 1930ರಲ್ಲಿ ಪ್ರಕಟವಾದ ‘ಹಳ್ಳಿಯ ಚಿತ್ರಗಳು’ ಹೇಮಾವತಿಯ ತೀರದ ಜನರನ್ನು ಕನ್ನಡದ ಮನೆಮನೆಗೆ ಪರಿಚಯಿಸಿತು. ಅವರ ಗದ್ಯದ ಲಾಲಿತ್ಯವನ್ನು ಮೆಚ್ಚದವರಿಲ್ಲ. ಆದರೂ ಹೇಳಲೇಬೇಕಾದ ಮಾತೊಂದುಂಟು: ಅವರಿಗೆ ಜನರ ಕೆಲಸಕ್ಕಿಂತ ಜನರ ಮಾತಿನಲ್ಲಿ ಹೆಚ್ಚು ಸಂತೋಷ. ಅವರ ಒಕ್ಕಲಿಗನನ್ನು ನಾವು ಜಗಲಿಯ ಮೇಲೆ, ಹೊಳೆಯ ದಂಡೆಯಲ್ಲಿ, ದಾರಿಯಲ್ಲಿ ಸಂಧಿಸುತ್ತೇವೆ. ನೇಗಿಲ ಹಿಂದೆ ಸಂಧಿಸುವುದು ವಿರಳ. ಹಾಸ್ಯಕ್ಕೆ ಬಿಡುವು ಬೇಕಷ್ಟೆ. ಗೊರೂರಿನ ಬಳಿಯಲ್ಲಿಯೇ 1979ರಲ್ಲಿ ಹೇಮಾವತಿಯ ಅಣೆಕಟ್ಟು ಪೂರ್ಣಗೊಂಡು ಅಚ್ಚುಕಟ್ಟಿನ ರೈತರ ಪಂಚಾಂಗವನ್ನೇ ಕಾಲುವೆಯ ನೀರು ನಿರ್ಣಯಿಸುವಂತಾದ ಮೇಲೆ ಆ ಚಿತ್ರಗಳು ಇನ್ನಷ್ಟು ದೂರದವಾಗಿ, ಅದೇ ಕಾರಣದಿಂದ ಇನ್ನಷ್ಟು ಮೋಹಕವಾಗಿ ಕಾಣುತ್ತವೆ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಇದಕ್ಕಿಂತ ಬೇರೆಯಾದ ದಾರಿ ಹಿಡಿಯಿತು. ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ ರಾಮಯ್ಯರು ಊರಿಗೆ ಮರಳುವುದರಿಂದ ಕಾದಂಬರಿ ತೆರೆದುಕೊಳ್ಳುತ್ತದೆ. ಪೇಟೆಯಿಂದ ಬಂದವನ ಕಣ್ಣು, ಅಂದರೆ ನಮ್ಮದೇ ಕಣ್ಣು, ಕೃತಿಯ ಬಾಗಿಲಲ್ಲಿಯೇ ನಿಂತಿದೆ. ಮಲೆನಾಡಿನ ಚೆಲುವನ್ನು ಮೊದಲು ಕಾಣುವವನು ಹೂವಯ್ಯ. ಅವನ ಭಾವಾವೇಶವನ್ನು ಕೆಲವು ವಿಮರ್ಶಕರು ಅತಿಯೆಂದದ್ದೂ ಉಂಟು. ಆದರೆ ಕೃತಿಯ ನಡೆಯನ್ನು ಗಮನಿಸಬೇಕು. ಚಂದ್ರಯ್ಯಗೌಡರ ಮನೆಯಲ್ಲಿ ಹಿಸ್ಸೆಯಾಗಿ ಹೂವಯ್ಯನು ಕೆಳಕಾನೂರಿಗೆ ಹೋಗಿ ತಾನೇ ಬೇಸಾಯಕ್ಕೆ ನಿಂತ ಮೇಲೆ ಅದೇ ಬೆಟ್ಟ, ಅದೇ ಬೆಳಗು ಬೇರೆ ಲೆಕ್ಕಕ್ಕೆ ಸೇರುತ್ತವೆ. ರಜೆಯ ವಿದ್ಯಾರ್ಥಿಯು ಮನೆಯ ಯಜಮಾನನಾಗುವುದೇ ಈ ಕಾದಂಬರಿಯ ಒಂದು ಮುಖ್ಯ ಕಥೆ ಎಂದು ನಾನು ತಿಳಿದಿದ್ದೇನೆ. ಹೆಗ್ಗಡಿತಿಯ ಹೆಸರಿನ ಮರೆಯಲ್ಲಿ ಇದು ಗಮನಕ್ಕೆ ಬಾರದೆ ಹೋಗಿದೆ. ಇನ್ನೊಂದು ಸಂಗತಿ. ಸೇರೆಗಾರ ರಂಗಪ್ಪಸೆಟ್ಟರು ಕನ್ನಡ ಜಿಲ್ಲೆಯಿಂದ ಕರೆತಂದ ಆಳುಗಳು ಆ ಗದ್ದೆ ತೋಟಗಳಲ್ಲಿ ದುಡಿಯುತ್ತಾರೆ. ಊರು ಬಿಟ್ಟು ದುಡಿಯಹೋಗುವುದು ಗುಮಾಸ್ತೆಯ ಕೆಲಸ ಹುಡುಕಿ ಮುಂಬಯಿಗೆ ಬಂದವರಿಂದ ಆರಂಭವಾಯಿತೆಂದು ಭಾವಿಸುವವರು ಈ ಆಳುಗಳ ಪುಟಗಳನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಶಿವರಾಮ ಕಾರಂತರಲ್ಲಿ ಋತು ಅಲಂಕಾರವಾಗಿ ಬರುವುದೇ ಇಲ್ಲವೆನ್ನಬಹುದು. ‘ಚೋಮನ ದುಡಿ’ಯನ್ನು (1933) ಅಸ್ಪೃಶ್ಯತೆಯ ಕಾದಂಬರಿಯೆಂದು ಓದುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಒಕ್ಕಲುತನದ ದೃಷ್ಟಿಯಿಂದ ನೋಡಿದರೆ ಅದರ ದಾರುಣತೆ ಇನ್ನೂ ಖಚಿತವಾಗುತ್ತದೆ. ಎತ್ತುಗಳನ್ನು ಸಾಕಿದವನು, ಉಳುವ ಕಲೆ ಬಲ್ಲವನು, ಉಳಲು ನೆಲವಿಲ್ಲದವನು. ಊರಿಗೆ ಊರೇ ನೊಗ ಹೂಡುವ ಹೊತ್ತಿನಲ್ಲಿ ಅವನ ಎತ್ತುಗಳು ಸುಮ್ಮನೆ ನಿಂತಿರಬೇಕು. ಸಂಕಪ್ಪಯ್ಯನ ಮನಸ್ಸು ಕರಗುವಂತಿದ್ದರೂ ಸಂಪ್ರದಾಯ ಕರಗಲಿಲ್ಲ. ಉಳುವವನಿಗೆ ಭೂಮಿಯೆಂಬ ತತ್ತ್ವವನ್ನು ಕರ್ನಾಟಕದ ಭೂಸುಧಾರಣಾ ಕಾಯಿದೆ 1974ರ ತಿದ್ದುಪಡಿಯಿಂದ ಬಲವಾಗಿ ಜಾರಿಗೆ ತಂದಾಗಲೂ ಅದು ಮುಖ್ಯವಾಗಿ ನೆರವಾದುದು ಗೇಣಿದಾರನಿಗೆ. ಚೋಮನು ಗೇಣಿದಾರನಾಗಿರಲಿಲ್ಲ, ಆಳಾಗಿದ್ದನು. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಹೊಗಳುವ ವಿಮರ್ಶಕನು ಆ ವಾಸನೆ ಚೋಮನ ಮೂಗಿಗೆ ಏನಾಗಿರಬಹುದೆಂದು ಕೇಳಿಕೊಳ್ಳಬೇಕು.

‘ಮರಳಿ ಮಣ್ಣಿಗೆ’ (1941) ಮೂರು ತಲೆಮಾರುಗಳ ಕಥೆ. ಅದರ ಕೊನೆಯ ತಲೆಮಾರಿನ ರಾಮನು ಮದರಾಸಿನಲ್ಲಿ ಓದಿ ಮುಂಬಯಿಯನ್ನೂ ಕಂಡು ಕಡಲದಂಡೆಯ ಮಣ್ಣಿಗೆ ಹಿಂದಿರುಗುವುದರಿಂದ ಹೊರನಾಡಿನ ಓದುಗರಿಗೆ ಅದು ತಮ್ಮದೇ ಕಥೆಯೆನಿಸುತ್ತದೆ. ಆದರೆ ಆ ಮಣ್ಣನ್ನು ಅವನು ಮರಳುವವರೆಗೆ ಹಿಡಿದು ನಿಲ್ಲಿಸಿದವರು ಪಾರೋತಿ, ಸರಸೋತಿ, ನಾಗವೇಣಿಯರು. ಮರಳಿದವನಿಗಿಂತ ಬಿಟ್ಟೇ ಹೋಗದವರ ದುಡಿಮೆಯನ್ನು ಕಾರಂತರು ಹೆಚ್ಚು ಪುಟಗಳಲ್ಲಿ, ಹೆಚ್ಚು ಪ್ರೀತಿಯಿಂದ ಬರೆದಿದ್ದಾರೆ. ನಮ್ಮ ಸಂಘಗಳ ಭಾಷಣಗಳಲ್ಲಿ ಮಾತ್ರ ರಾಮನ ಹೆಸರೇ ಕೇಳಿಬರುವುದು. ‘ಬೆಟ್ಟದ ಜೀವ’ದಲ್ಲಿ (1943) ನಿರೂಪಕನು ಕೆಲವು ದಿನಗಳ ಅತಿಥಿ, ಗೋಪಾಲಯ್ಯ ಶಂಕರಿಯರ ಉಪಚಾರದಲ್ಲಿ ನಮಗೂ ಪಾಲು ಸಿಗುತ್ತದೆ. ಸುಬ್ರಹ್ಮಣ್ಯದ ಕಾಡಿನ ನಡುವೆ ತೋಟ ಎಬ್ಬಿಸಿದ ಆ ಮುದುಕನ ಉತ್ಸಾಹದ ಕೆಳಗೆ ಮನೆ ಬಿಟ್ಟು ಹೋದ ಮಗ ಶಂಭುವಿನ ಚಿಂತೆ ಹರಿಯುತ್ತಲೇ ಇದೆ. ತೋಟವಿದೆ, ಮುಂದೆ ನೋಡಿಕೊಳ್ಳುವವರಾರು? ಅತಿಥಿಯ ಸ್ಥಾನದಲ್ಲಿ ಕುಳಿತು ಓದುವ ನಾವು ವಾಸ್ತವವಾಗಿ ಯಾವ ಪಾತ್ರಕ್ಕೆ ಸೇರಿದವರು ಎಂಬ ಸಂದೇಹ ಈ ಪುಸ್ತಕವನ್ನು ಓದುವಾಗ ಬಾರದಿದ್ದರೆ ಅದನ್ನು ಓದಿದಂತಾಗಲಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ ಮೂಡಿಗೆರೆ ಮೇಲಿನ ಎಲ್ಲಕ್ಕಿಂತ ಈಚಿನದು. ಅವರು ಸ್ವತಃ ಕಾಫಿ ಬೆಳೆದವರು. ‘ಕರ್ವಾಲೊ’ (1980) ಹಾರುವ ಓತಿಯ ಶೋಧವೆಂದು ಪ್ರಸಿದ್ಧವಾಗಿದ್ದರೂ ಅದರ ತಳಹದಿ ಬೇಸಾಯದ ತಾಪತ್ರಯಗಳಿಂದ ಬೇಸತ್ತ ಒಬ್ಬ ರೈತನ ದಿನಚರಿ: ಪೇಟೆಯ ಜೇನು ಸೊಸೈಟಿ, ಆಳುಗಳು, ನಾಯಿ, ಮಂದಣ್ಣನ ಅವಾಂತರಗಳು. ಕಾಫಿಯ ನಾಡಿನಲ್ಲಿ ವಸಂತದ ಅರ್ಥವೇ ಬೇರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಾವುದೋ ಒಂದು ಸಂಜೆ ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಗಿಡವೆಲ್ಲ ಬೆಳ್ಳಗಾಗುತ್ತದೆ. ಮಳೆ ತಪ್ಪಿದರೆ ಅಥವಾ ಅರೆಬರೆಯಾದರೆ ವರ್ಷದ ಬೆಳೆಗೆ ಕುತ್ತು. ರೊಬಸ್ಟ ಗಿಡಕ್ಕೆ ಪರಾಗ ಹೊರಗಿಡದಿಂದಲೇ ಬರಬೇಕಾದುದರಿಂದ ಜೇನೂ ಅಲ್ಲಿ ಬೇಸಾಯದ ಭಾಗ. ಪ್ರವಾಸಿಯು ಛಾಯಾಚಿತ್ರ ತೆಗೆದುಕೊಳ್ಳುವ ಆ ಬಿಳಿಯ ಹೂವಿನ ಮುಂದೆ ಬೆಳೆಗಾರನು ಮಳೆಯ ಅಂಗುಲಗಳನ್ನು ಎಣಿಸುತ್ತಿರುತ್ತಾನೆ. ತೇಜಸ್ವಿಯವರ ವ್ಯಂಗ್ಯ ಹುಟ್ಟಿದ್ದು ಈ ಎಣಿಕೆಯ ಜಾಗದಿಂದ. ಹಳ್ಳಿಯನ್ನು ಹೊಗಳುವ ಹೊಣೆ ಅವರಿಗಿರಲಿಲ್ಲ, ಬಯ್ಯುವ ಸ್ವಾತಂತ್ರ್ಯ ಅಲ್ಲೇ ಬದುಕಿ ಸಂಪಾದಿಸಿದ್ದು. ಹೊರಗಿನವರು ಅದನ್ನು ಅನುಕರಿಸಿದಾಗ ಬರಿಯ ಕುಹಕವಾಗುತ್ತದೆ.

ಇಷ್ಟಾದರೂ ಒಳಮನೆಯ ವಸಂತ ಕನ್ನಡ ಗದ್ಯದಲ್ಲಿ ಇನ್ನೂ ಪೂರ್ತಿ ಬಂದಿಲ್ಲವೆಂಬುದು ನನ್ನ ಅಭಿಪ್ರಾಯ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮಲೆನಾಡಿನ ದೊಡ್ಡ ಸಂಸಾರದ ಅಡಿಗೆಮನೆಯನ್ನು ಅಲ್ಲಿ ಜೀವ ತೇದ ಬಾಲವಿಧವೆಯ ಬಾಳಿನ ಮೂಲಕ ತೋರಿಸಿತು, ಅಂಥವು ಬೆರಳೆಣಿಕೆಯಷ್ಟೆ. ರಜೆಗೆ ಬಂದ ಹತ್ತು ಮಂದಿ ನೆಂಟರಿಗೆ ಅಡಿಗೆ ಮಾಡಿ, ಅವರು ಹೊರಡುವಾಗ ಡಬ್ಬಿಗಳಲ್ಲಿ ತುಂಬಿ ಕೊಡಬೇಕಾದ ಹಪ್ಪಳ ಉಪ್ಪಿನಕಾಯಿಗಳನ್ನೂ ಅದೇ ಬಿಸಿಲಿನಲ್ಲಿ ಸಿದ್ಧಪಡಿಸುವುದು ಆ ಮನೆಯ ಹೆಂಗಸರ ಚೈತ್ರ ವೈಶಾಖಗಳ ಕೆಲಸಗಳಲ್ಲಿ ಸಣ್ಣದೇನಲ್ಲ. ಮುಂಬಯಿಯಲ್ಲಿ ಕುಳಿತು ಹನೇಹಳ್ಳಿಯನ್ನು ಬರೆದ ಯಶವಂತ ಚಿತ್ತಾಲರಂಥವರು ಬಿಟ್ಟುಬಂದ ಊರಿನ ಅಂತರಂಗವನ್ನು ಆಳವಾಗಿ ಶೋಧಿಸಿದರು. ಆದರೆ ಆ ಡಬ್ಬಿಗಳ ಲೆಕ್ಕವನ್ನು ಬರೆಯಬೇಕಾದವರು ಬೇರೆ. ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿಯ ಊರಿನ ಮನೆಗಳಲ್ಲಿ ಹಿರಿಯರ ಜಮಾಖರ್ಚಿನ ಪುಸ್ತಕಗಳು ಅಟ್ಟದ ಮೇಲೆ ಇರುವ ಸಂಭವವುಂಟು: ಆಳುಗಳ ಕೂಲಿ, ಗೊಬ್ಬರದ ಗಾಡಿಗಳು, ಸಂತೆಯ ಸಾಮಾನು, ಕೊಟ್ಟ ಸಾಲ, ತಂದ ಸಾಲ. ಮುಂದಿನ ರಜೆಯಲ್ಲಿ ಹೋದವರು ಫಾಲ್ಗುಣದಿಂದ ಜ್ಯೇಷ್ಠದವರೆಗಿನ ಪುಟಗಳನ್ನಾದರೂ ನಕಲು ಮಾಡಿಕೊಂಡು ಬಂದರೆ, ಮನೆಯ ಹೆಂಗಸರನ್ನು ಕೇಳಿ ಆ ಪುಸ್ತಕಗಳಲ್ಲಿ ದಾಖಲಾಗದ ಕೆಲಸಗಳನ್ನು ಪಕ್ಕದಲ್ಲಿ ಬರೆದುಕೊಂಡು ಬಂದರೆ, ಮೇಲೆ ಹೇಳಿದ ಕಾದಂಬರಿಗಳನ್ನು ಇಟ್ಟು ನೋಡಲು ನಮ್ಮಲ್ಲಿ ಒಂದು ತಕ್ಕಡಿಯಾದೀತು.