ಅಡಿಗೆಮನೆಯಲ್ಲಿ ಸನ್ನಿಧಿ

ಕೆಲವು ಪುಸ್ತಕಗಳಿಗೆ ಅವುಗಳನ್ನು ಹೊಗಳುವವರಿಂದಲೇ ಅನ್ಯಾಯವಾಗುತ್ತದೆ. ಹದಿನೇಳನೆಯ ಶತಮಾನದ ಫ್ರಾನ್ಸಿನ ಬ್ರದರ್ ಲಾರೆನ್ಸನ ಹೆಸರಿನಲ್ಲಿ ಪ್ರಚಾರದಲ್ಲಿರುವ ಒಂದು ಚಿಕ್ಕ ಪುಸ್ತಕ ಈ ಜಾತಿಗೆ ಸೇರಿದ್ದು. ಹೊಗಳಿ ಅನ್ಯಾಯ ಮಾಡಿದವರಲ್ಲಿ ನಾನೂ ಒಬ್ಬ. ಆದುದರಿಂದ ಈ ಬರಹ ಅರ್ಧ ವಿಮರ್ಶೆ, ಅರ್ಧ ತಪ್ಪೊಪ್ಪಿಗೆ.

ಪುಸ್ತಕದ ಹೆಸರನ್ನು ‘ದೇವರ ಸನ್ನಿಧಿಯ ಅಭ್ಯಾಸ’ ಎಂದು ಕನ್ನಡಿಸಬಹುದು. ‘ಸಾಧನೆ’ ಎನ್ನುವುದಕ್ಕಿಂತ ‘ಅಭ್ಯಾಸ’ವೇ ಮೇಲು. ಸಾಧನೆಗೆ ಒಂದು ಗುರಿಯುಂಟು, ಮುಟ್ಟಿದೆನೆಂಬ ಹೆಮ್ಮೆಯುಂಟು. ಅಭ್ಯಾಸವೆಂದರೆ ನಿನ್ನೆ ಮಾಡಿದ್ದನ್ನು ಇಂದು ಮತ್ತೆ ಮಾಡುವುದು, ಅಷ್ಟೆ. ಆದರೆ ‘ಸನ್ನಿಧಿ’ ಎಂದೊಡನೆ ನಮ್ಮ ಮನಸ್ಸು ಗರ್ಭಗುಡಿಯ ಕಡೆಗೆ ಹೊರಡುತ್ತದೆ. ಮಿಂದು, ಮಡಿಯುಟ್ಟು, ನಾವು ಅಲ್ಲಿಗೆ ಹೋಗಬೇಕು. ಲಾರೆನ್ಸನ ಸನ್ನಿಧಿಗೆ ಹಾಗೆ ಹೋಗಬೇಕಾದ ದಾರಿಯೇ ಇಲ್ಲ; ಮಸಿ ಹಿಡಿದ ಪಾತ್ರೆಗಳ ನಡುವೆ ಅದು ಮೊದಲೇ ಬಂದು ಕುಳಿತಿದೆ. ಮರೆತವರು ನಾವು, ತಿರುಗಿ ನೋಡಬೇಕಾದವರೂ ನಾವೇ.

ಈತನ ಹುಟ್ಟುಹೆಸರು ನಿಕೊಲಸ್ ಹರ್ಮನ್. ಹುಟ್ಟಿದ್ದು ಲೊರೇನ್ ಪ್ರಾಂತದಲ್ಲಿ. ಹದಿನೆಂಟರ ಹರೆಯದಲ್ಲಿ, ಚಳಿಗಾಲದಲ್ಲಿ ಎಲೆಯುದುರಿ ನಿಂತ ಒಂದು ಮರವನ್ನು ಕಂಡು, ಇದೇ ಮರ ಇನ್ನು ಕೆಲವು ದಿನಗಳಲ್ಲಿ ಚಿಗುರಿ ಹೂ ಬಿಡುವುದಲ್ಲವೆ ಎಂದು ನೆನೆದಾಗ ಅವನಿಗೆ ದೇವರ ಅರಿವಾಯಿತಂತೆ. ಬಳಿಕ ಸಿಪಾಯಿಯಾಗಿದ್ದ, ಗಾಯಗೊಂಡ, ಒಬ್ಬ ಧಣಿಯ ಮನೆಯಲ್ಲಿ ಊಳಿಗ ಮಾಡಿದ. ಮುಟ್ಟಿದ್ದನ್ನೆಲ್ಲ ಒಡೆಯುವ ಮೊದ್ದು ಆಳು ತಾನೆಂದು ಅವನೇ ಹೇಳಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠವನ್ನು ಸೇರಿದಮೇಲೆ ಅವನ ಪಾಲಿಗೆ ಬಂದದ್ದು ಪಾದ್ರಿಯ ಪೀಠವಲ್ಲ, ಅಡಿಗೆಮನೆ. ಹಲವು ವರ್ಷ ಅಲ್ಲಿ ದುಡಿದು, ಕಾಲಿನ ಹುಣ್ಣಿನಿಂದ ನಿಲ್ಲಲಾರದೆ ಹೋದಾಗ ಸಂನ್ಯಾಸಿಗಳ ಚಪ್ಪಲಿ ರಿಪೇರಿಗೆ ಕುಳಿತ. 1691ರಲ್ಲಿ ತೀರಿಕೊಂಡ. ಅವನು ಪುಸ್ತಕ ಬರೆದವನಲ್ಲ. ಜೋಸೆಫ್ ದ ಬೊಫೋರ್ ಎಂಬ ಪಾದ್ರಿ 1666ರಿಂದ ಅವನೊಡನೆ ಆಡಿದ ಮಾತುಗಳನ್ನು ಗುರುತುಹಾಕಿಕೊಂಡಿದ್ದ. ಆ ನಾಲ್ಕು ಸಂಭಾಷಣೆಗಳನ್ನೂ ಲಾರೆನ್ಸನ ಕೆಲವು ಕಾಗದಗಳನ್ನೂ ಅವನು ಸತ್ತಮೇಲೆ ಅಚ್ಚಿಗೆ ಕೊಟ್ಟವನೂ ಆ ಪಾದ್ರಿಯೇ.

ನಾನು ಇದನ್ನು ಇಂಗ್ಲಿಷಿನಲ್ಲಿ ಮೊದಲು ಓದಿದಾಗ ಕನ್ನಡಿಗನಿಗೆ ಸಹಜವಾದುದನ್ನೇ ಮಾಡಿದೆ: ‘ಇದು ನಮ್ಮ ಕಾಯಕವೇ!’ ಎಂದೆ. ಒಂದು ಸಭೆಯಲ್ಲಿ ಹಾಗೆಂದು ಭಾಷಣವನ್ನೂ ಮಾಡಿದೆ. ಅಡಿಗೆಮನೆಯೇ ದೇವಾಲಯ, ಸೌಟೇ ಆರತಿ ಎಂದೆಲ್ಲ ಹೇಳಿ ಚಪ್ಪಾಳೆ ಪಡೆದೆ. ಮನೆಗೆ ಬಂದು, ಅದೇ ಉಮೇದಿನಲ್ಲಿ, ಅತ್ತಿಗೆಯ ಮುಂದೆ ಕುಳಿತು ಪುಸ್ತಕದ ಕೆಲವು ಭಾಗಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವುದನ್ನೂ ದೇವರ ಮೇಲಿನ ಪ್ರೀತಿಗಾಗಿ ಮಾಡುತ್ತಿದ್ದನಂತೆ. ನೆಲದ ಮೇಲಿನ ಒಂದು ಹುಲ್ಲುಕಡ್ಡಿಯನ್ನು ಎತ್ತುವುದೂ ಅವನಿಗೆ ಹಾಗೆಯೇ ಅಂತೆ. ಅತ್ತಿಗೆ ನಲವತ್ತು ವರ್ಷ ತುಂಬಿದ ಸಂಸಾರಕ್ಕೆ ಬೇಯಿಸಿ ಹಾಕಿದವರು. ಎಲ್ಲವನ್ನೂ ಕೇಳಿ, ಸೊಪ್ಪು ಸೋಸುತ್ತಲೇ ಹೇಳಿದರು:

“ಚೆನ್ನಾಗಿದೆಯಪ್ಪ. ಆದರೆ ಪ್ರಾರ್ಥನೆಯ ಗಂಟೆ ಹೊಡೆದರೆ ಅವನು ಸೌಟು ಇಟ್ಟು ಏಳಬಹುದಿತ್ತು. ನಮಗೆ ಯಾರು ಗಂಟೆ ಹೊಡೆಯುತ್ತಾರೆ?”

ನನಗೆ ಉತ್ತರ ತೋಚಲಿಲ್ಲ. ಪುಸ್ತಕವನ್ನು ಮತ್ತೆ ಓದಿದೆ. ಆಗ ನನ್ನ ಹೋಲಿಕೆ ಎಲ್ಲಿ ಎಡವಿತೆಂಬುದು ತಿಳಿಯಿತು. ಶರಣರ ಕಾಯಕದಲ್ಲಿ ದುಡಿಮೆಯ ಲೆಕ್ಕವಿದೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಎಷ್ಟು ದುಡಿಯಬೇಕು, ದುಡಿದದ್ದು ಯಾರಿಗೆ ಸಲ್ಲಬೇಕು ಎಂಬುದು ಅಲ್ಲಿ ಧರ್ಮದ ಪ್ರಶ್ನೆ. ಅದನ್ನು ಕೇಳಿದವಳೂ ಒಬ್ಬ ಹೆಂಗಸು. ಲಾರೆನ್ಸ್ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಅವನ ಅನ್ನ ಬಟ್ಟೆಗಳನ್ನು ಮಠ ನೋಡಿಕೊಳ್ಳುತ್ತದೆ. ಅವನ ಕೆಲಸವನ್ನು ಹಿರಿಯರ ಆಜ್ಞೆ ಗೊತ್ತುಮಾಡುತ್ತದೆ. ಇದು ಈ ಪುಸ್ತಕದ ನಿಜವಾದ ಕೊರತೆ. ಇದನ್ನು ಮರೆತು, ದಣಿದವರ ಕೈಗೆ ಪುಸ್ತಕವನ್ನು ಕೊಟ್ಟು, ‘ತೃಪ್ತಿಯಿಂದಿರಿ’ ಎನ್ನುವುದು ಭಕ್ತಿಯಲ್ಲ, ಉಪಾಯ.

ಹಾಗಾದರೆ ಉಳಿಯುವುದೇನು? ಬಹಳವಿದೆ ಎಂದೇ ನನ್ನ ನಂಬಿಕೆ. ಈ ಪುಸ್ತಕ ದುಡಿಮೆಯ ಸ್ತೋತ್ರವಲ್ಲ. ಅಡಿಗೆ ಕೆಲಸ ಲಾರೆನ್ಸನಿಗೆ ಸ್ವಭಾವತಃ ಹಿಡಿಸದ ಕೆಲಸವಾಗಿತ್ತು. ಅದನ್ನು ಪುಸ್ತಕ ಮುಚ್ಚಿಡುವುದಿಲ್ಲ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದಾಗ, ವ್ಯವಹಾರ ತಿಳಿಯದ ಈ ಕುಂಟ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಬೇಕಾಯಿತು. ಕೆಲಸ ಪವಿತ್ರವೆಂದು ಅವನು ಎಲ್ಲೂ ಸಾರಲಿಲ್ಲ. ಕೆಲಸದ ನಡುವೆಯೂ ತಾನು ಒಂಟಿಯಲ್ಲ ಎಂದ. ಆ ಜೊತೆಗಾರನೊಡನೆ ಮಾತಾಡಲು ವಿಶೇಷ ಭಾಷೆ ಬೇಕಿಲ್ಲ ಎಂದ. ತಪ್ಪಿದರೆ, ನೀನು ಕೈಬಿಟ್ಟರೆ ನಾನು ಇಷ್ಟೇ ಎಂದು ದೇವರಿಗೆ ನೇರವಾಗಿ ಹೇಳಿ, ಕೊರಗುತ್ತ ಕೂರದೆ ಕೆಲಸಕ್ಕೆ ಮರಳಿದ.

ಈ ಸರಳತೆ ಅಗ್ಗದ್ದಲ್ಲ. ಮೊದಲ ಹತ್ತು ವರ್ಷ ತಾನು ತುಂಬ ನೊಂದೆನೆಂದು ಒಂದು ಕಾಗದದಲ್ಲಿ ಬರೆದಿದ್ದಾನೆ. ಈ ಸಂಕಟ ಸಾಯುವ ತನಕ ಇರುವುದಾದರೆ ಇರಲಿ ಎಂದು ಒಪ್ಪಿಕೊಂಡ ಮೇಲೆಯೇ ಅವನಿಗೆ ಶಾಂತಿ ಸಿಕ್ಕಿತು. ಹೊಗಳುವವರು ಬಾಣಲೆಯನ್ನು ನೆನೆಯುತ್ತಾರೆ, ಈ ಹತ್ತು ವರ್ಷಗಳನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ಉಳಿಯುವುದು ಗೋಡೆಗೆ ತೂಗುಹಾಕುವ ಸುಭಾಷಿತ ಮಾತ್ರ.

ಕ್ಯಾಥೊಲಿಕ್ ಮಠದ ಈ ಅಡಿಗೆಯವನ ಮಾತನ್ನು ಪ್ರಾಟೆಸ್ಟೆಂಟರು ಆದರದಿಂದ ಓದಿದರು. ಇಂಗ್ಲೆಂಡಿನ ಜಾನ್ ವೆಸ್ಲಿ ಅದನ್ನು ತನ್ನ ಗ್ರಂಥಮಾಲೆಗೆ ಸೇರಿಸಿಕೊಂಡ. ಪಂಥದ ಬೇಲಿ ದಾಟಿದ ಪುಸ್ತಕ ಮತದ ಬೇಲಿಯನ್ನೂ ದಾಟಬಲ್ಲುದು. ಕ್ರೈಸ್ತನಲ್ಲದ ನನಗೆ ಇದು ದಕ್ಕಿರುವುದೇ ಅದಕ್ಕೆ ಸಾಕ್ಷಿ.

ಕೆಲವು ದಿನಗಳ ಮೇಲೆ ಅತ್ತಿಗೆ ತಾವಾಗಿಯೇ ಕೇಳಿದರು, “ಆ ಅಡಿಗೆಯವನಿಗೆ ಅಡಿಗೆ ಇಷ್ಟವಿರಲಿಲ್ಲ ಎಂದೆಯಲ್ಲ, ನಿಜವೆ?” ನಿಜವೆಂದೆ. “ಹಾಗಿದ್ದರೆ ಅವನ ಮಾತು ಕೇಳಬಹುದು” ಎಂದರು. ಆಮೇಲೆ ದಿನಕ್ಕಿಷ್ಟರಂತೆ ಉಳಿದ ಭಾಗವನ್ನೂ ಅವರಿಗೆ ಹೇಳಿದೆ. ಈ ಸಲ ಸೊಪ್ಪು ಸೋಸಿದವನು ನಾನು.