ಗಾಳದ ತುದಿಯಿಂದ ಲೆಕ್ಕ ಹಾಕಿ

ಬೇಸಿಗೆ ರಜೆ ಶುರುವಾದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಗಾಳದ ಸಾಮಾನು ಕೊಳ್ಳುವವರು ಹೆಚ್ಚುತ್ತಾರೆ. ಹೆಚ್ಚಿನವರು ಮೊದಲು ಕೋಲನ್ನು ಆಯುತ್ತಾರೆ, ಆಮೇಲೆ ಹೊಳೆಯುವ ರೀಲು. ದಾರ ಅಂಗಡಿಯವನು ಕೊಟ್ಟಿದ್ದು, ಗಾಳ ಉಳಿದ ಚಿಲ್ಲರೆಗೆ ಬಂದದ್ದು. ಈ ಸರದಿಯನ್ನು ಪೂರ್ತಿ ತಿರುವಿ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಮೀನಿನ ಬಾಯಿ ನೋಡಿ. ಆ ಬಾಯಿಗೆ ತಕ್ಕ ಗಾಳ, ಗಾಳಕ್ಕೆ ತಕ್ಕ ದಾರ, ದಾರಕ್ಕೆ ತಕ್ಕ ರೀಲು. ಕೋಲಿನ ಮಾತು ಕಟ್ಟಕಡೆಗೆ.

ಅದಕ್ಕೂ ಮುಂಚೆ ನೀರಿನ ಮಾತು. ಅಮೆರಿಕ, ಕೆನಡಾದ ಆಳ ಸರೋವರಗಳಲ್ಲಿ ಲೇಕ್ ಟ್ರೌಟ್ ಎಂಬ ಮೀನಿದೆ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದರೆ ಅದು ಸುಮಾರು 10 ಡಿಗ್ರಿ ತಂಪಿರುವ ತಳದ ಪದರಕ್ಕೆ ಇಳಿಯುತ್ತದೆ. ದೋಣಿಯವರು ಭಾರದ ಸೀಸ ಕಟ್ಟಿ ಗಾಳವನ್ನು ಅಲ್ಲಿಗೇ ಇಳಿಸುತ್ತಾರೆ. ಅಂಥ ವಿಡಿಯೊ ನೋಡಿ ಹಾವೇರಿಯ ಹೆಗ್ಗೇರಿಯಲ್ಲೋ ರಾಣೆಬೆನ್ನೂರಿನ ದೊಡ್ಡಕೆರೆಯಲ್ಲೋ ಭಾರದ ಗುಂಡು ಬಿಟ್ಟರೆ ಅದು ಹೂಳಿನಲ್ಲಿ ಹೂತುಹೋಗುತ್ತದೆ, ಅಷ್ಟೆ. ನಮ್ಮ ಕೆರೆಗಳಿಗೆ ಅಂಥ ಆಳವೂ ಇಲ್ಲ, ತಂಪು ಪದರವೂ ಇಲ್ಲ. ಇಲ್ಲಿ ಮೀನಿನ ಜಾಗ ಗೊತ್ತುಮಾಡುವುದು ಉಸಿರು. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನ ಮೀನು ಮಂಕಾಗುತ್ತದೆ. ಬೆಳಗಿನ ಹೊತ್ತು, ಇಳಿಸಂಜೆ, ಗಾಳಿ ಬೀಸಿ ಅಲೆ ಬಡಿಯುವ ದಂಡೆ, ಹೊಳೆಯಲ್ಲಾದರೆ ನೀರು ಬಂಡೆ ಹಾಯ್ದು ಮಡುವಿಗೆ ಬೀಳುವ ಜಾಗ, ಇವೇ ಗಾಳ ಬಿಡುವ ಹೊತ್ತು ಮತ್ತು ತಾವು.

ಇನ್ನು ಬಾಯಿ. ನಮ್ಮ ಕೆರೆಗಳಲ್ಲಿ ಹೆಚ್ಚಾಗಿರುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರದ ಗಂಗಾ ಸೀಮೆಯವು. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಇವುಗಳ ಮರಿ ದೇಶದ ಮೂಲೆಮೂಲೆಯ ಕೆರೆ ಸೇರಿತು. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಯುವುದು ಮೇಲಿನ ನೀರಿನಲ್ಲಿ. ಅದಕ್ಕೆ ಬೆಂಡು ಕಟ್ಟಿ ಇರೆಯನ್ನು ಮೇಲೆಯೇ ತೇಲಿಸಬೇಕು. ರೋಹು ನಡುನೀರಿನದು. ಮೃಗಾಲ್ ಬಾಯಿ ಕೆಳಮುಖ, ಅದು ತಳ ಕೆದಕುವ ಮೀನು. ಅದಕ್ಕೆ ಇರೆ ನೆಲಕ್ಕೆ ತಾಗಿರಬೇಕು. ರೋಹು, ಮೃಗಾಲಿಗೆ 6 ಅಥವಾ 8ನೇ ನಂಬರಿನ ಗಾಳ ಸಾಕು. ಕಾಟ್ಲಾದ ಬಾಯಿ ದೊಡ್ಡದು, ಅದಕ್ಕೆ 2 ಅಥವಾ 4. ನಂಬರು ಹೆಚ್ಚಿದಷ್ಟೂ ಗಾಳ ಸಣ್ಣದು ಎಂಬುದು ನೆನಪಿರಲಿ. ಇರೆಗೆ ಶೇಂಗಾ ಹಿಂಡಿ, ಗೋಧಿ ಹಿಟ್ಟು ಕಲಸಿದ ಉಂಡೆ ಸಾಕು. ಅದು ಗಾಳದ ಮೊನೆಯನ್ನು ಪೂರ್ತಿ ಮುಚ್ಚದಿರಲಿ.

ಕೊರವನ ಕಥೆ ಬೇರೆ. ಮುರೆಲ್ ಎಂದೂ ಕರೆಯುವ ಈ ಮೀನು ನೀರಿನ ಮೇಲೆ ಬಂದು ಗಾಳಿ ಕುಡಿಯುತ್ತದೆ. ಆದ್ದರಿಂದ ಉಳಿದವು ಸೋತು ಮಲಗಿದ ಬಿಸಿಲಿನಲ್ಲೂ ಜೊಂಡಿನ ಸಂದಿಯಲ್ಲಿ ಬೇಟೆಗೆ ಕಾದಿರುತ್ತದೆ. ಅದಕ್ಕೆ ರಬ್ಬರ್ ಕಪ್ಪೆ ಬೇಕು, ಜೋಡಿ ಗಾಳದ ಮೊನೆ ಕಪ್ಪೆಯ ಬೆನ್ನಿಗೆ ಒತ್ತಿಕೊಂಡಿರುವಂಥದ್ದು. ಆಗ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ತುಂಗಭದ್ರೆಯ ಮಡುಗಳ ಬಾಳೆಮೀನಿಗೆ ಬಾಯಿ ತುಂಬ ಸಾಲುಹಲ್ಲು. 3/0 ಅಥವಾ 5/0 ಎಂಬ ದೊಡ್ಡ ಗಾಳ ಬೇಕು. ಅದರ ಹಿಂದೆ ಒಂದು ಗೇಣು ಉಕ್ಕಿನ ತಂತಿ ಇಲ್ಲದಿದ್ದರೆ ನೈಲಾನ್ ದಾರ ತುಂಡಾಗುತ್ತದೆ.

ಯಾವ ಗಾಳವಾದರೂ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಹಗುರವಾಗಿ ಎಳೆಯಿರಿ. ಗೀರು ಬಿಟ್ಟು ಅಲ್ಲೇ ಕಚ್ಚಿದರೆ ಚೂಪು. ಜಾರಿದರೆ ಮೊಂಡು, ಅದನ್ನು ವಾಪಸು ಕೊಡಿ. ದಾರಕ್ಕೂ ಪರೀಕ್ಷೆಯಿದೆ. ಕೊನೆಯ ಎರಡು ಮಾರು ದಾರವನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದುಕೊಳ್ಳಿ. ಎಲ್ಲಾದರೂ ಒರಟು ತಗುಲಿದರೆ ಅಲ್ಲಿಂದಾಚೆಗೆ ಕತ್ತರಿಸಿ ಹೊಸದಾಗಿ ಗಂಟು ಹಾಕಿ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ; ಒಣಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ದಾರ ಸೊರಗುತ್ತದೆ. ಗೆಂಡೆ ಜಾತಿಗೆ 0.35 ಮಿ.ಮೀ. ನೈಲಾನ್ ಒಳ್ಳೆಯದು, ಎಳೆದಾಗ ತುಸು ಹಿಗ್ಗಿ ಮೀನಿನ ಜಗ್ಗು ತಾಳಿಕೊಳ್ಳುತ್ತದೆ. ಜೊಂಡಿನಿಂದ ಕೊರವನನ್ನು ಎಳೆಯಲು ಹಿಗ್ಗದ ಹೆಣೆದ ದಾರವೇ ಬೇಕು. ಬಿಸಿಲಿನಲ್ಲಿ ಬಿದ್ದಿರುವ ನೈಲಾನ್ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ರೀಲನ್ನು ಚೀಲದೊಳಗಿಡಿ.

ಇನ್ನು ರೀಲು, ಕೋಲು. ಹೊಳೆಯಲ್ಲಿ ಇವೆರಡನ್ನೂ ಗೊತ್ತುಮಾಡುವುದು ಹರಿಗೋಲು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯ ಊರು, 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಈ ಸೀಮೆಯಲ್ಲಿ ನೀರಿನ ವಿದ್ಯೆ ಅಂಬಿಗರ ಕೈಯಲ್ಲಿ ಉಳಿದುಬಂದಿದೆ. ಹೊಸಬರು ಹುಟ್ಟು ಹಾಕುವುದನ್ನು ಮೊದಲು ಅವರಿಂದಲೇ ಕಲಿಯಬೇಕು. ಹರಿಗೋಲು ದುಂಡಗಿರುತ್ತದೆ, ಮೀನು ಜಗ್ಗಿದ ಕಡೆ ತಿರುಗುತ್ತದೆ, ಅದರ ಹಿಂದೆಯೇ ಸಾಗುತ್ತದೆ. ಮೀನಿಗೆ ಹರಿಗೋಲಿನ ಭಾರವೇ ಕಡಿವಾಣ. ಆದ್ದರಿಂದ ದೈತ್ಯ ರೀಲು ಬೇಡ, 3000 ಅಳತೆಯದು ಸಾಕು. ಡ್ರ್ಯಾಗ್ ತಿರುಪನ್ನು ದಾರದ ತಾಕತ್ತಿನ ಕಾಲುಭಾಗಕ್ಕೆ ಇಟ್ಟುಕೊಳ್ಳಿ. 8 ಕಿಲೊ ತಾಳುವ ದಾರವಾದರೆ 2 ಕಿಲೊ ಜಗ್ಗಿಗೆ ರೀಲಿನಿಂದ ದಾರ ಬಿಚ್ಚಿಕೊಳ್ಳಬೇಕು.

ಹರಿಗೋಲಿನಲ್ಲಿ ನಿಲ್ಲುವಂತಿಲ್ಲ, ಕೂತೇ ಎಸೆಯಬೇಕು, ಕೂತೇ ಎಳೆಯಬೇಕು. ಅದಕ್ಕೆ ಆರು ಅಡಿ, ಹೆಚ್ಚೆಂದರೆ ಆರೂವರೆ ಅಡಿಯ ಕೋಲು ಸರಿ. ದಂಡೆಯಲ್ಲಿ ಶೋಭಿಸುವ ಹತ್ತಡಿ ಕೋಲು ಇಲ್ಲಿ ಜೊತೆಗಾರನ ತಲೆಗೆ ತಾಗುತ್ತದೆ. ಮೀನು ಹತ್ತಿರ ಬಂದಾಗ ಅದರ ತುದಿ ಎಲ್ಲೋ ದೂರ ಇರುತ್ತದೆ. ಹಿಡಿ ಉದ್ದವಿರುವ ಕೈಬಲೆ ಇಟ್ಟುಕೊಳ್ಳಿ. ಅಂಚಿನ ಮೇಲೆ ಬಗ್ಗಿ ಕೈಯಿಂದ ಎತ್ತಲು ಹೋದರೆ ಹರಿಗೋಲು ವಾಲುತ್ತದೆ. ಬಿಡಿ ಗಾಳಗಳನ್ನು ಥರ್ಮಾಕೋಲ್ ತುಂಡಿಗೆ ಚುಚ್ಚಿಡಿ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹರಿಗೋಲಿಗೆ ಬಿದ್ದ ಗಾಳವೊಂದೇ ಸಾಕು, ತೂತಾಗಲು.

ಎರಡು ಮಾತು ಪ್ರಾಣದ ಬಗ್ಗೆ. ಈಜು ಬಂದರೂ ಲೈಫ್ ಜಾಕೆಟ್ ತೊಡಲೇಬೇಕು. ಮರಳು ತೆಗೆದ ಹೊಂಡಗಳು ಹೊಳೆಯ ತಳದಲ್ಲಿ ಕಾಣುವುದಿಲ್ಲ. ಭರಣಿ, ಕೃತ್ತಿಕಾ ಮಳೆಗಳು ಸಂಜೆ ಗುಡುಗು ಸಿಡಿಲಿನೊಂದಿಗೆ ಬರುತ್ತವೆ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಮೊದಲ ಗುಡುಗಿಗೇ ಕೋಲು ಕೆಳಗಿಟ್ಟು ದಂಡೆಗೆ ಹುಟ್ಟು ಹಾಕಿ.

ನೀರಿನ ಹಕ್ಕುದಾರರನ್ನೂ ಮರೆಯಬಾರದು. ನಮ್ಮ ಬಹಳಷ್ಟು ಕೆರೆಗಳ ಮೀನು ಗುತ್ತಿಗೆ ಹಿಡಿದವರದು, ಮರಿ ಬಿಟ್ಟು ಬೆಳೆಸಿದವರದು. ಅವರನ್ನು ಕೇಳಿ, ಒಪ್ಪಿಗೆ ಪಡೆದು ಗಾಳ ಬಿಡಿ. ಮೇ ಮುಗಿಯುವ ಹೊತ್ತಿಗೆ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಕಟ್ಟುತ್ತವೆ. ಮುಂಗಾರಿನ ಹೊಸನೀರು ಅವುಗಳ ಹೆರಿಗೆಯ ಕಾಲ. ಹೊಟ್ಟೆ ಉಬ್ಬಿದ ತಾಯಿಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು ಗಾಳ ಬಿಡಿಸಿ ನೀರಿಗೆ ಬಿಡಿ. ಮರಿಗಳ ಹಿಂಡು ಕಾಯುತ್ತಿರುವ ಕೊರವನ ಮುಂದೆ ಕಪ್ಪೆ ಎಸೆಯಲೇಬೇಡಿ. ಕಾವಲು ತಪ್ಪಿದರೆ ಆ ಹಿಂಡಷ್ಟೂ ಬೇರೆ ಮೀನುಗಳ ಪಾಲು.

ಕೈಯಲ್ಲಿರುವ ದುಡ್ಡು ಸ್ವಲ್ಪವೇ ಆಗಿದ್ದರೆ ಮೊದಲು ಲೈಫ್ ಜಾಕೆಟ್ ಕೊಳ್ಳಿ, ಆಮೇಲೆ ಚೂಪಾದ ಗಾಳ, ಆಮೇಲೆ ಒಳ್ಳೆಯ ದಾರ. ಮಿಕ್ಕ ದುಡ್ಡಿಗೆ ಸಿಗುವ ಸಾದಾ ಕೋಲು ಸಾಕು. ಮೀನಿನ ಬಾಯಿ ಮುಟ್ಟುವುದು ಗಾಳ, ಕೋಲಲ್ಲ.