ಮಲಗಿದ ಪೈರಿನ ಚಿತ್ತಾರ

ಮಲೆಬೆನ್ನೂರು ಸುತ್ತಿನ ಭದ್ರಾ ನಾಲೆಯ ಗದ್ದೆಗಳಲ್ಲಿ ಕೊಯ್ಲಿನ ಹೊತ್ತಿಗೆ ಗಾಳಿಮಳೆ ಬಿದ್ದು ಭತ್ತ ನೆಲಕಚ್ಚಿದರೆ ರೈತನಿಗೆ ಕಾಣುವುದು ನಷ್ಟವೊಂದೇ. ತೆನೆ ಕೆಸರಿಗೆ ತಾಗಿ ಮೊಳಕೆಯೊಡೆಯುತ್ತದೆ, ಕಟಾವು ಯಂತ್ರಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಮಾತ್ರ ಮಲಗಿದ ಗೋಧಿಯನ್ನು ನೋಡಲು ಜನ ದುಡ್ಡು ಕೊಟ್ಟು ಹೊಲಕ್ಕೆ ಇಳಿದರು.

ಪೈರನ್ನು ಬೇಕೆಂದೇ ಮಲಗಿಸಿ ಬಿಡಿಸುವ ಅಲ್ಲಿನ ‘ಬೆಳೆ ವೃತ್ತ’ಗಳ ಆಧುನಿಕ ಕಥೆ ಶುರುವಾದದ್ದು 1970ರ ದಶಕದ ಕೊನೆಗೆ. ಡಗ್ ಬೋವರ್, ಡೇವ್ ಚೋರ್ಲಿ ಎಂಬ ಗೆಳೆಯರು ರಾತ್ರಿ ಹೊತ್ತು ಹಲಗೆ, ಹಗ್ಗ ಹಿಡಿದು ಹೊಲಕ್ಕೆ ನುಗ್ಗುತ್ತಿದ್ದರು. ಗೆರೆ ನೇರ ಬರಲೆಂದು ಟೋಪಿಗೆ ಸಿಕ್ಕಿಸಿದ ತಂತಿಯ ಬಳೆಯೊಳಗಿಂದ ದೂರದ ಗುರುತನ್ನು ನೋಡುತ್ತ ನಡೆಯುತ್ತಿದ್ದರು. ಔಷಧಿ ಹೊಡೆಯುವ ಟ್ರಾಕ್ಟರಿನ ಗಾಲಿ ಜಾಡಿನಲ್ಲೇ ಓಡಾಡಿದರೆ ಹೆಜ್ಜೆಯ ಸುಳಿವೂ ಇರದು.

ಮೊದಲಿಗೆ ಬರೀ ದುಂಡು. ಇದು ಸುಂಟರಗಾಳಿಯ ಕೆಲಸವೆಂದು ಹವಾಮಾನ ತಜ್ಞ ಟೆರೆನ್ಸ್ ಮೀಡನ್ ವಾದಿಸಿದರು. ಸರಿ, ಗಾಳಿ ಎಳೆಯಲಾರದ ನೇರ ಗೆರೆಗಳು ಬಂದವು! 1990ರಲ್ಲಿ ಆಲ್ಟನ್ ಬಾರ್ನ್ಸ್‌ನಲ್ಲಿ ವೃತ್ತ, ಪಟ್ಟಿ, ಕೊಕ್ಕೆಗಳ ಉದ್ದನೆಯ ಸಾಲೇ ಮೂಡಿತು. 1991ರ ಸೆಪ್ಟೆಂಬರಿನಲ್ಲಿ ಗೆಳೆಯರಿಬ್ಬರೂ ಪತ್ರಿಕೆಯೊಂದರ ಮುಂದೆ ಗುಟ್ಟು ಬಿಟ್ಟುಕೊಟ್ಟರು. ಆಟ ಅಲ್ಲಿಗೆ ನಿಲ್ಲಲಿಲ್ಲ, ಬೇರೆ ತಂಡಗಳು ಕೈಗೆತ್ತಿಕೊಂಡವು. ‘ಮನುಷ್ಯರಿಂದ ಆಗದು’ ಎಂದವರ ಪ್ರತಿ ಮಾತೂ ಮುಂದಿನ ವಿನ್ಯಾಸಕ್ಕೆ ಸವಾಲಾಯಿತು. ಹಾಗೆ ನೋಡಿದರೆ ನಂಬಿದವರೂ ಈ ಕಲೆಯ ಅರ್ಧ ಕರ್ತೃಗಳೇ.

1996ರಲ್ಲಿ ಸ್ಟೋನ್‌ಹೆಂಜ್ ಎದುರಿನ ಹೊಲದಲ್ಲಿ ಕಂಡ ‘ಜೂಲಿಯಾ ಸೆಟ್’ ಎಂಬ ಗಣಿತಾಕೃತಿ ಈ ಪರಂಪರೆಯ ಶಿಖರ. ನೂರೈವತ್ತೊಂದು ವೃತ್ತಗಳು ಬಾಗಿದ ಬೆನ್ನೆಲುಬಿನಂತೆ ಹಿಗ್ಗುತ್ತ ಕುಗ್ಗುತ್ತ ಸುರುಳಿ ಸುತ್ತುತ್ತವೆ. ಒಂದೊಂದರಲ್ಲೂ ಗೋಧಿಯ ಕಡ್ಡಿ ನಡುವಿನಿಂದ ಸುಳಿಯಾಗಿ ಮಲಗಿದ್ದರಿಂದ ಬೆಳಕು ಬೇರೆ ಬೇರೆ ಕೋನದಲ್ಲಿ ಹೊಳೆಯುತ್ತದೆ. 2001ರ ಮಿಲ್ಕ್ ಹಿಲ್ ಆಕೃತಿಯಲ್ಲಿ 409 ವೃತ್ತಗಳಿದ್ದವು. ಹಿಗ್ಗಿದ್ದು ಗಾತ್ರ, ಕಲ್ಪನೆಯಲ್ಲ. ಮರುವರ್ಷ ಕ್ರ್ಯಾಬ್‌ವುಡ್‌ನಲ್ಲಿ ಅನ್ಯಗ್ರಹ ಜೀವಿಯ ಮುಖ ಟಿವಿ ಪರದೆಯಂಥ ಅಡ್ಡಗೆರೆಗಳಲ್ಲಿ ಮೂಡಿತು. ಕೈಚಳಕಕ್ಕೆ ತಲೆದೂಗಲೇಬೇಕು, ಆದರೆ ಅಲ್ಲಿ ಹೊಲ ಬರೀ ಕಾಗದವಾಗಿಬಿಟ್ಟಿದೆ. 2008ರ ಬಾರ್ಬರಿ ಕಾಸಲ್‌ನ ‘ಪೈ’ ಅಂತೂ ಗಣಿತದ ಒಗಟು. ಬಿಡಿಸಿದ ಮೇಲೆ ಮತ್ತೆ ನೋಡಲು ಏನೂ ಉಳಿಯುವುದಿಲ್ಲ. ಈ ನಡುವೆ ಜಾಹೀರಾತಿನವರೂ ಬಂದರು.

ಕೆಸರುಗದ್ದೆಯಲ್ಲಿ ಈ ಕಳ್ಳಾಟ ನಡೆಯದು, ಇಟ್ಟ ಹೆಜ್ಜೆ ಅಚ್ಚಾಗಿ ಕೂರುತ್ತದೆ. ಭತ್ತಕ್ಕೆ ಒಗ್ಗಿದ್ದು ನೆಟ್ಟು ಬೆಳೆಸುವ ಚಿತ್ರ. ಜಪಾನಿನ ಇನಾಕದಾತೆ ಹಳ್ಳಿ 1993ರಿಂದ ಬೇರೆ ಬೇರೆ ಬಣ್ಣದ ಎಲೆಯ ತಳಿಗಳನ್ನು ನಾಟಿ ಮಾಡಿ ಚಿತ್ರ ಬಿಡಿಸುತ್ತಿದೆ. ಎತ್ತರದ ಅಟ್ಟಣೆಯಿಂದ ನೋಡುವವರಿಗೆ ಸರಿಯಾಗಿ ಕಾಣುವಂತೆ ಅಳತೆಯನ್ನು ಹಿಗ್ಗಿಸಿ ನೆಡುತ್ತಾರೆ. ನಮ್ಮಲ್ಲೂ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬಳಿಕ ರಾಯಚೂರು ಜಿಲ್ಲೆಯ ರೈತರೊಬ್ಬರು ಗದ್ದೆಯಲ್ಲಿ ಅವರ ಮುಖವನ್ನೇ ಬೆಳೆದರು. ಅಭಿಮಾನ ದೊಡ್ಡದು, ಪೈರು ತುಳಿತಕ್ಕೂ ಸಿಗಲಿಲ್ಲ. ವಿನ್ಯಾಸ ಮಾತ್ರ ಫೋಟೊದ ಹಂಗಿನಲ್ಲೇ ಇದೆ. ಚುಕ್ಕಿ ರಂಗೋಲಿಯ ಲೆಕ್ಕಾಚಾರ ಬಲ್ಲ ನಾಡಿನಲ್ಲಿ ಸಾಲುನಾಟಿಯ ಗದ್ದೆಗೆ ಮುಖಕ್ಕಿಂತ ಎಳೆ ಮತ್ತು ಸುರುಳಿಗಳೇ ಹೆಚ್ಚು ಹೊಂದಿಕೊಂಡಾವು.